ದೂರದ ಬೆಟ್ಟವೂ ಆಟದ ಮುಖಚಿತ್ರವೂ

ಯಾದಗಿರಿ, ಶಹಾಪುರ, ಸುರಪುರಗಳಂತಹ ಊರುಗಳಲ್ಲಿ ಓದುವ ತರುಣರೂ ಇಂದು ಗಣಕದ ಮುಂದೆ ಕುಳಿತು ಒಂದು ಸಣ್ಣ ವಿಡಿಯೋ ಆಟವನ್ನು ರಚಿಸಬಲ್ಲರು. ಅದಕ್ಕೆ ದೊಡ್ಡ ಬಂಡವಾಳ ಬೇಡ. ಒಂದು ಗಣಕ, ಇಬ್ಬರು ಗೆಳೆಯರು, ಕೆಲವು ತಿಂಗಳ ದುಡಿಮೆ ಸಾಕು. ಹೀಗೆ ಸಿದ್ಧವಾದ ಆಟವು ಗೂಗಲ್ ಪ್ಲೇ, ಸ್ಟೀಮ್ ಮೊದಲಾದ ಅಂಗಡಿಗಳನ್ನು ಸೇರಿದಾಗ ಗಿರಾಕಿಗೆ ಮೊದಲು ಕಾಣುವುದು ಆಟವಲ್ಲ, ಅದರ ಮುಖಚಿತ್ರ. ಸಾಲುಸಾಲಾಗಿ ಸರಿದುಹೋಗುವ ಚಿತ್ರಗಳ ನಡುವೆ ಆ ಒಂದರ ಮೇಲೆ ಕಣ್ಣು ನಿಲ್ಲದಿದ್ದರೆ ದುಡಿಮೆಯೆಲ್ಲ ಕತ್ತಲೆಯಲ್ಲಿಯೇ ಉಳಿಯುತ್ತದೆ. ‘ಆಟ ಚೆನ್ನಾಗಿದ್ದರೆ ಸಾಲದೆ? ಬಣ್ಣದ ಹೊದಿಕೆಯೇಕೆ?’ ಎಂದು ಕೆಲವರು ಕೇಳಬಹುದು. ಚೆನ್ನಾಗಿದೆಯೆಂದು ತಿಳಿಯಬೇಕಾದರೆ ಮೊದಲು ಯಾರಾದರೂ ಅದನ್ನು ತೆರೆಯಬೇಕಷ್ಟೆ. ಮುಖಚಿತ್ರವೆಂಬುದು ಕೇವಲ ಅಲಂಕಾರವಲ್ಲ. ಅದು ಮೊದಲು ದೃಗ್ವಿಜ್ಞಾನದ ವಿಷಯ, ಅನಂತರ ಪ್ರಾಮಾಣಿಕತೆಯ ವಿಷಯ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಬೇಕಾದ ಪಾಠ ನಮ್ಮ ಈ ಮೂರು ತಾಲ್ಲೂಕುಗಳಲ್ಲಿಯೇ ಇದೆ.

ಮೊದಲು ಲೆಕ್ಕವನ್ನು ನೋಡೋಣ. ಗೂಗಲ್ ಪ್ಲೇ ಅಂಗಡಿಯು ಆಟದ ಲಾಂಛನ ಚಿತ್ರವನ್ನು ಅಗಲಕ್ಕೆ 512, ಎತ್ತರಕ್ಕೆ 512 ಚುಕ್ಕೆಗಳಿರುವಂತೆ ಕೇಳುತ್ತದೆ. ಗಣಕದ ಪರದೆಯ ಮೇಲೆ ಅದನ್ನು ಹಿಗ್ಗಿಸಿ ಬರೆಯುವ ಚಿತ್ರಕಾರನು ಗಡ್ಡದ ಒಂದೊಂದು ಕೂದಲನ್ನೂ ತಿದ್ದುತ್ತಾನೆ. ಆದರೆ ಮೊಬೈಲಿನ ಪಟ್ಟಿಯಲ್ಲಿ ಅದೇ ಚಿತ್ರ ಹೆಚ್ಚುಕಡಮೆ ಒಂದು ಸೆಂಟಿಮೀಟರಿಗೆ ಕುಗ್ಗಿ ನಿಲ್ಲುತ್ತದೆ. ಆರೋಗ್ಯವಾದ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಕಿರಿಯ ಕೋನ ಸುಮಾರು ಒಂದು ಕಲೆ, ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. 30 ಸೆಂಟಿಮೀಟರು ದೂರದಲ್ಲಿ ಈ ಕೋನಕ್ಕೆ ಸಮನಾದ ಅಂತರ ಸುಮಾರು 0.09 ಮಿಲಿಮೀಟರು. ಒಂದು ಸೆಂಟಿಮೀಟರಿನಲ್ಲಿ ಅಂತಹ ಅಂತರಗಳು 115ರಷ್ಟು ಮಾತ್ರ ಹಿಡಿಯುತ್ತವೆ. ಆದುದರಿಂದ ಕಣ್ಣಿಗೆ ತೋರುವ ಒಂದೊಂದು ಚುಕ್ಕೆಯೂ ಮೂಲಚಿತ್ರದ ಸುಮಾರು 20 ಚುಕ್ಕೆಗಳ ಸರಾಸರಿ. ಗಡ್ಡದ ಕೂದಲು ಈ ಸರಾಸರಿಯಲ್ಲಿ ಕರಗಿ ಬೂದುಬಣ್ಣದ ಒಂದು ಮಚ್ಚೆಯಾಗುತ್ತದೆ.

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂದು ನಮ್ಮ ಹಿರಿಯರು ಹೇಳಿದುದು ಈ ಸರಾಸರಿಯ ನಿಯಮವನ್ನೇ. ಶಹಾಪುರದ ಬಳಿಯ ಬೆಟ್ಟಗಳನ್ನು ನೋಡಿರಿ. ರಸ್ತೆಯ ಮೇಲೆ ತಕ್ಕಷ್ಟು ದೂರದಲ್ಲಿ ನಿಂತವರಿಗೆ ಅಲ್ಲಿ ಬುದ್ಧನು ಅಂಗಾತ ಮಲಗಿದಂತೆ ತೋರುತ್ತದೆ: ಮುಖ, ಎದೆ, ಚಾಚಿದ ಕಾಲುಗಳು. ಹತ್ತಿರಕ್ಕೆ ಹೋದರೆ ಬುದ್ಧನಿಲ್ಲ. ಬಂಡೆಗಳೂ ಕುರುಚಲು ಗಿಡಗಳೂ ಇವೆ. ದೂರವು ಬಂಡೆಯ ಒರಟನ್ನೆಲ್ಲ ಅಳಿಸಿ, ಆಕಾಶಕ್ಕೂ ನೆಲಕ್ಕೂ ನಡುವಣ ಹೊರರೇಖೆಯೊಂದನ್ನೇ ಉಳಿಸಿದೆ. ಆ ಒಂದು ರೇಖೆಯೇ ನೋಡುಗನ ಮನಸ್ಸಿನಲ್ಲಿ ಇಡೀ ಆಕೃತಿಯನ್ನು ಎಬ್ಬಿಸುತ್ತದೆ. ಅಂಗಡಿಯ ಸಣ್ಣ ಚಿತ್ರವೂ ಇಂತಹ ದೂರದ ಬೆಟ್ಟವೇ ಸರಿ. ಅದರಲ್ಲಿ ಹತ್ತು ಪಾತ್ರಗಳನ್ನು ತುಂಬುವುದು ವ್ಯರ್ಥ. ಒಂದೇ ಆಕೃತಿ, ಅದಕ್ಕೊಂದು ಸ್ಪಷ್ಟವಾದ ಹೊರರೇಖೆ, ಹಿಂದೆ ತೆರಪಾದ ಬಯಲು: ಇಷ್ಟಿದ್ದರೆ ಕಣ್ಣು ಅದನ್ನು ಗುರುತಿಸುತ್ತದೆ.

ಎರಡನೆಯದು ಬೆಳಕಿನ ಅಂತರ. ಸೂಕ್ಷ್ಮವಾದ ವಿವರವನ್ನು ನಮ್ಮ ಕಣ್ಣು ಬಣ್ಣದ ಭೇದದಿಂದ ಗುರುತಿಸುವುದಕ್ಕಿಂತ ಹೊಳಪಿನ ಭೇದದಿಂದ ಚೆನ್ನಾಗಿ ಗುರುತಿಸುತ್ತದೆ. ಅಕ್ಷಿಪಟಲದ ನಟ್ಟನಡುವೆ ನೀಲಿಗೆ ಸ್ಪಂದಿಸುವ ಕೋಶಗಳು ಇಲ್ಲವೆಂಬಷ್ಟು ಕಡಮೆ. ಆದುದರಿಂದ ಕಪ್ಪಿನ ಮೇಲೆ ತೆಳ್ಳನೆಯ ನೀಲಿ ಗೆರೆ ಬರೆದರೆ ಅದು ಕಾಣದಂತಾಗುತ್ತದೆ. ಸಮಾನ ಹೊಳಪಿನ ಕೆಂಪು ಹಸುರುಗಳನ್ನು ಒಂದರ ಮೇಲೊಂದು ಹಾಕಿದರೆ ವರ್ಣಾಂಧರಿಗೆ ಅವೆರಡೂ ಒಂದೇ. ಇದಕ್ಕೆ ಮೇಲಾಗಿ ನಮ್ಮ ಯಾದಗಿರಿಯ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಬೇಕು. ಪರದೆಯ ಮೇಲೆ ಬೆಳಕಿನ ಭಾಗದ ಹೊಳಪು 400, ಮಬ್ಬಿನ ಭಾಗದ್ದು 200 ಎಂದಿಟ್ಟುಕೊಳ್ಳೋಣ. ಒಂದು ಇನ್ನೊಂದರ ಎರಡರಷ್ಟು. ಬಯಲಿನಲ್ಲಿ ಗಾಜಿನಿಂದ ಪ್ರತಿಫಲಿಸುವ ಬೆಳಕು ಎರಡಕ್ಕೂ 400ರಂತೆ ಸೇರಿದರೆ ಅವು 800, 600 ಆಗುತ್ತವೆ, ಪ್ರಮಾಣ 1.33ಕ್ಕೆ ಇಳಿಯುತ್ತದೆ. ನೆರಳಿನಲ್ಲಿ ಸೊಗಸಾಗಿದ್ದ ಚಿತ್ರ ಬಸ್ ನಿಲ್ದಾಣದಲ್ಲಿ ಮಾಸಿಹೋಗುವುದು ಇದರಿಂದಲೇ. ಚಿತ್ರವನ್ನು ಒಮ್ಮೆ ಕಪ್ಪುಬಿಳುಪಿಗೆ ಇಳಿಸಿ ನೋಡಿರಿ. ಆಗಲೂ ಆಕೃತಿ ಎದ್ದು ತೋರಿದರೆ ಮಾತ್ರ ಬಣ್ಣಗಳ ಆಯ್ಕೆ ಸರಿಯಾಗಿದೆ.

ಮೂರನೆಯದು ಅಕ್ಷರ. ಆಟದ ಹೆಸರನ್ನು ಕನ್ನಡದಲ್ಲಿಯೇ ಬರೆಯಬೇಕೆಂಬ ಅಭಿಮಾನ ನಮಗೂ ಉಂಟು. ಆದರೆ ಕನ್ನಡದ ಲಿಪಿಯ ಕಟ್ಟಡ ಬೇರೆ. ತಲೆಕಟ್ಟು, ಗುಣಿತ, ಕೆಳಗೆ ಒತ್ತಕ್ಷರ ಹೀಗೆ ಅದಕ್ಕೆ ಅಂತಸ್ತುಗಳಿವೆ. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ಭೇದ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಚಿತ್ರ ಕುಗ್ಗಿದಾಗ ಮೊದಲು ಅಳಿಯುವುದು ಆ ಸೀಳು, ಅನಂತರ ಒತ್ತಕ್ಷರ. ಇಂಗ್ಲಿಷಿಗಾಗಿ ಅಳೆದಿಟ್ಟ ಸ್ಥಳದಲ್ಲಿ ಕನ್ನಡವನ್ನು ತುರುಕಿ, ಓದಲಾಗದೆ ಹೋದಾಗ ಕನ್ನಡವನ್ನೇ ದೂರುವುದು ಅನ್ಯಾಯ. ಲಾಂಛನ ಚಿತ್ರದಲ್ಲಿ ಹೆಸರು ಬೇಡವೇ ಬೇಡ. ಅಂಗಡಿಯೇ ಅದನ್ನು ಪಕ್ಕದಲ್ಲಿ ಅಚ್ಚು ಮಾಡುತ್ತದೆ. 1024ಕ್ಕೆ 500 ಚುಕ್ಕೆಗಳ ಅಗಲಚಿತ್ರದಲ್ಲಿ ಮಾತ್ರ, ಎರಡು ಚಿಕ್ಕ ಪದಗಳಿಗೆ ಮೀರದ ಹೆಸರನ್ನು, ಒತ್ತಕ್ಷರಕ್ಕೆ ಸ್ಥಳ ಬಿಟ್ಟು, ದಪ್ಪನಾಗಿ ಬರೆಯುವುದು ಲೇಸು.

ಹಾಗಾದರೆ ಕುಸುರಿಯ ಕೆಲಸಕ್ಕೆ ಬೆಲೆಯೇ ಇಲ್ಲವೆ? ಇದೆ. ಅದನ್ನು ಸುರಪುರ ಕಲಿಸುತ್ತದೆ. ನಾಯಕ ಅರಸರ ಆಶ್ರಯದಲ್ಲಿ ಅಲ್ಲಿ ಬೆಳೆದ ಚಿಕಣಿ ಚಿತ್ರಕಲೆಯಲ್ಲಿ ಹೊನ್ನಿನ ಬಣ್ಣ, ಆಭರಣಗಳ ಸೂಕ್ಷ್ಮ ರೇಖೆ, ಬಟ್ಟೆಯ ಅಂಚಿನ ಬಳ್ಳಿ ಇವೆಲ್ಲ ಕೈಯಲ್ಲಿ ಹಿಡಿದು ನೋಡುವವನಿಗಾಗಿ ಮೂಡಿದವು. ಮುಖಚಿತ್ರವನ್ನು ಒತ್ತಿ ಒಳಕ್ಕೆ ಬಂದ ಗಿರಾಕಿಯು ದೊಡ್ಡ ಚಿತ್ರವನ್ನು ಕಂಡಾಗ ಅವನಿಗೆ ದೊರೆಯಬೇಕಾದುದು ಈ ಸಂತೋಷ. ಕರೆಯುವಾಗ ಶಹಾಪುರದ ಬೆಟ್ಟ, ಕೂರಿಸಿಕೊಂಡು ಮಾತನಾಡುವಾಗ ಸುರಪುರದ ಚಿತ್ರ: ಎರಡನ್ನೂ ಅದಲುಬದಲು ಮಾಡಬಾರದು. ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆಯು 2020ರಲ್ಲಿ ಹೊರತಂದ ‘ರಾಜಿ’ ಎಂಬ ಆಟವು ಹಿಮಾಲಯದ ಪಹಾಡಿ ಚಿತ್ರಶೈಲಿಯಿಂದ ಸ್ಫೂರ್ತಿ ಪಡೆಯಿತು. ಪಹಾಡಿಗೆ ಸಾಧ್ಯವಾದುದು ಸುರಪುರಕ್ಕೆ ಏಕೆ ಸಾಧ್ಯವಾಗಬಾರದು?

ಒಂದು ಉದಾಹರಣೆ ಕೊಡೋಣ. ಮೂರು ಹುಲಿ, ಹದಿನೈದು ಕುರಿಗಳ ಹಳೆಯ ಆಟವನ್ನು ಯಾರೋ ಮೊಬೈಲಿಗೆ ಅಳವಡಿಸಿದ್ದಾರೆನ್ನಿ. ಹದಿನೆಂಟು ಪ್ರಾಣಿಗಳನ್ನೂ ಬರೆದ ಮುಖಚಿತ್ರ ಒಂದು ಸೆಂಟಿಮೀಟರಿನಲ್ಲಿ ಚೆಲ್ಲಿದ ಕಾಳಿನಂತೆ ಕಾಣುವುದು. ಅದರ ಬದಲು ಹಳದಿಯ ಬಯಲಿನ ಮೇಲೆ ಒಂದು ಕರಿಯ ಹುಲಿಮುಖ, ಅದರ ಮೂಗಿನ ತುದಿಯಲ್ಲಿ ಹೆದರದೆ ನಿಂತ ಒಂದು ಬಿಳಿಯ ಕುರಿ. ಆಟದ ಮರ್ಮವೇ, ಎಂದರೆ ಬಲಹೀನರು ಒಟ್ಟಾಗಿ ಬಲಶಾಲಿಯನ್ನು ಕಟ್ಟಿಹಾಕಬಲ್ಲರೆಂಬುದೇ ಆ ಎರಡು ಆಕೃತಿಗಳಲ್ಲಿ ಸೂಚಿತವಾಗುತ್ತದೆ.

ಇನ್ನು ಪ್ರಾಮಾಣಿಕತೆಯ ಮಾತು. ಕಣ್ಣನ್ನು ಸೆಳೆಯುವ ವಿದ್ಯೆ ಕಣ್ಣಿಗೆ ಮಣ್ಣೆರಚುವ ವಿದ್ಯೆಯೂ ಆಗಬಹುದು. ‘ಹೋಂಸ್ಕೇಪ್ಸ್’, ‘ಗಾರ್ಡನ್‌ಸ್ಕೇಪ್ಸ್’ ಎಂಬ ಪ್ರಸಿದ್ಧ ಆಟಗಳ ಎರಡು ಜಾಹೀರಾತುಗಳು ಆಟದ ನಿಜವಾದ ಸ್ವರೂಪವನ್ನು ತೋರಿಸುವುದಿಲ್ಲವೆಂದು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2020ರಲ್ಲಿ ಅವನ್ನು ತಡೆಯಿತು. ಸ್ಟೀಮ್ ಅಂಗಡಿಯೂ 2022ರ ಸೆಪ್ಟೆಂಬರಿನಿಂದ ಮುಖಚಿತ್ರದಲ್ಲಿ ಚಿತ್ರ, ಆಟದ ಹೆಸರು, ಉಪಶೀರ್ಷಿಕೆಗಳ ಹೊರತು ಹೊಗಳಿಕೆ, ಬಹುಮಾನ, ರಿಯಾಯತಿಗಳ ಮಾತು ಇರಕೂಡದೆಂದು ವಿಧಿಸಿತು. ಕೃತಕ ಬುದ್ಧಿಮತ್ತೆಯಿಂದ ತಯಾರಾದ ಚಿತ್ರವಿದ್ದರೆ ಅದನ್ನು ತಿಳಿಸಬೇಕೆಂಬ ನಿಯಮವನ್ನು 2024ರ ಜನವರಿಯಲ್ಲಿ ಪ್ರಕಟಿಸಿತು. ಅಂತಹ ಯಂತ್ರಚಿತ್ರಗಳನ್ನು ನಾವು ಪಾಪವೆಂದು ಭಾವಿಸುವುದಿಲ್ಲ. ಆದರೆ ಲಕ್ಷಾಂತರ ಚಿತ್ರಗಳಿಂದ ಕಲಿತ ಯಂತ್ರವು ಮೊದಲು ಮುಂದಿಡುವುದು ಎಲ್ಲರಿಗೂ ಒಪ್ಪುವ ಮುಖವನ್ನು. ನಿಮ್ಮ ಆಟಕ್ಕೆ ಬೇಕಾದುದು ಅದರದೇ ಮುಖ. ಸುಳ್ಳು ಮುಖವನ್ನು ನಂಬಿ ಬಂದವನು ಎರಡು ನಿಮಿಷಗಳಲ್ಲಿ ಹೊರಟುಹೋಗುತ್ತಾನೆ. ಅವನ ಜೊತೆಗೆ ಹೊರಟುಹೋಗುವ ನಂಬಿಕೆ, ನಮ್ಮ ಊರಿನಿಂದ ಮುಂದೆ ಬರಲಿರುವ ಆಟಗಾರನ ಪಾಲಿನದು ಕೂಡ.

ಕೊನೆಯದಾಗಿ ಖರ್ಚಿಲ್ಲದ ಒಂದು ಪ್ರಯೋಗ. ನಿಮ್ಮ ಚಿತ್ರವನ್ನು 10 ಸೆಂಟಿಮೀಟರು ಅಗಲಕ್ಕೆ ಅಚ್ಚುಹಾಕಿಸಿ ಗೋಡೆಗೆ ಅಂಟಿಸಿರಿ. ಮೂರು ಮೀಟರು ದೂರ ನಿಲ್ಲಿರಿ. 30 ಸೆಂಟಿಮೀಟರು ದೂರದ ಒಂದು ಸೆಂಟಿಮೀಟರು ಕಣ್ಣಿನಲ್ಲಿ ಉಂಟುಮಾಡುವ ಕೋನವೂ ಇದೂ ಒಂದೇ. ಆಟವನ್ನು ಎಂದೂ ಕಾಣದ ಒಬ್ಬರನ್ನು ಅಲ್ಲಿ ನಿಲ್ಲಿಸಿ, ಒಂದು ಕ್ಷಣ ತೋರಿಸಿ, ‘ಏನು ಕಂಡಿತು? ಇದು ಯಾವ ಬಗೆಯ ಆಟ?’ ಎಂದು ಕೇಳಿರಿ. ಗೆಳೆಯರ ಹೊಗಳಿಕೆಗಿಂತ ಆ ಉತ್ತರಕ್ಕೆ ಹೆಚ್ಚು ಬೆಲೆ ಕೊಡಿರಿ. ಉತ್ತರ ತಪ್ಪಿದರೆ ತಿದ್ದಬೇಕಾದುದು ನೋಡಿದವರನ್ನಲ್ಲ, ಚಿತ್ರವನ್ನು.