ಪಿಟ್‌ಬುಲ್ಲಿನ ಮರಿಗಳಿಗೆ ಹೊಣೆ ಯಾರು?

ಮನೆಯಲ್ಲಿ ಅಕ್ಕರೆಯಿಂದ ಸಾಕಿದ ಪಿಟ್‌ಬುಲ್ ಹೆಣ್ಣುನಾಯಿ ಬೆದೆಗೆ ಬಂದಾಗ ಅದಕ್ಕೆ ತಕ್ಕ ಗಂಡನ್ನು ಹುಡುಕಿ ‘ಕ್ರಾಸ್’ ಮಾಡಿಸಿ, ಹುಟ್ಟಿದ ಮರಿಗಳಲ್ಲಿ ಒಂದನ್ನು ಗಂಡುನಾಯಿಯ ಯಜಮಾನನಿಗೆ ಒಪ್ಪಿಸಿ, ಉಳಿದವನ್ನು ಪರಿಚಿತರಿಗೆ ಹಂಚಿಯೋ ಮಾರಿಯೋ ಕೈತೊಳೆದುಕೊಳ್ಳುವ ರೂಢಿ ದೊಡ್ಡ ನಗರಗಳಲ್ಲಿ ಬೇರೂರಿ ಬಹುಕಾಲವಾಯಿತು. ಅದು ಭಟ್ಕಳ, ಹೊನ್ನಾವರ, ಕುಮಟೆಗಳಂತಹ ನಮ್ಮ ಕಡಲತಡಿಯ ಊರುಗಳಲ್ಲಿಯೂ ಬೇರೂರುವ ಮುನ್ನ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಈಗಾಗಲೇ ಪಿಟ್‌ಬುಲ್ಲನ್ನು ಸಾಕಿದವರು ಅದನ್ನು ಕಡೆಯವರೆಗೂ ಪ್ರೀತಿಯಿಂದ ಸಾಕಲಿ. ಆದರೆ ಅದರಿಂದ ಮರಿ ಹಾಕಿಸತಕ್ಕದ್ದಲ್ಲ.

ಕಾನೂನು ಈ ವಿಷಯದಲ್ಲಿ ಒಮ್ಮೆ ಮುಂದೆ ಬಂದು ಹಿಂದೆ ಸರಿದಿದೆ. 2024ರ ಮಾರ್ಚ್ 12ರಂದು ಕೇಂದ್ರ ಸರಕಾರದ ಪಶುಸಂಗೋಪನಾ ಇಲಾಖೆಯು ಪಿಟ್‌ಬುಲ್ ಟೆರಿಯರ್, ರಾಟ್‌ವೈಲರ್ ಮೊದಲಾದ 23 ತಳಿಗಳನ್ನು ಉಗ್ರಸ್ವಭಾವದವೆಂದು ಹೆಸರಿಸಿ, ಅವುಗಳ ಮಾರಾಟಕ್ಕೂ ಸಾಕಣೆಗೂ ತಳಿವರ್ಧನೆಗೂ ಪರವಾನಿಗೆ ಕೊಡಕೂಡದೆಂದೂ, ಈಗಾಗಲೇ ಮನೆಗಳಲ್ಲಿರುವವಕ್ಕೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಬೇಕೆಂದೂ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧಪಟ್ಟವರ ಅಹವಾಲನ್ನು ಆಲಿಸದೆ ಹೊರಡಿಸಿದ ಆ ಸುತ್ತೋಲೆಯನ್ನು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ವರ್ಷದ ಏಪ್ರಿಲ್ 10ರಂದು ರದ್ದುಪಡಿಸಿತು. ಆ ತೀರ್ಪು ನ್ಯಾಯಸಮ್ಮತವಾದುದೆಂದೇ ನಾನು ಭಾವಿಸುತ್ತೇನೆ. ಒಂದು ಪತ್ರದ ಬಲದಿಂದ ಜನರ ಮನೆಯಂಗಳದ ಪ್ರಾಣಿಯ ಗತಿಯನ್ನು ನಿರ್ಣಯಿಸುವುದು ಸರಕಾರಕ್ಕೆ ಶೋಭಿಸುವ ಕೆಲಸವಲ್ಲ. ಆದರೆ ನಿಷೇಧವು ಬಿದ್ದುಹೋದ ಮಾತ್ರಕ್ಕೆ ಕೃತ್ಯವು ಉಚಿತವಾಗುವುದಿಲ್ಲ. ಸರಕಾರದ ಹೆಗಲಿನಿಂದ ಇಳಿದ ಭಾರ ಸಾಕುವವನ ಹೆಗಲ ಮೇಲೆ ಬಂದು ಕುಳಿತಿದೆ, ಅಷ್ಟೆ.

ಈ ನಾಯಿಯನ್ನು ನಾನು ದೂಷಿಸಲಾರೆನು. ಇಂಗ್ಲೆಂಡಿನಲ್ಲಿ ಗೂಳಿಗಳ ಮೇಲೆ ನಾಯಿಗಳನ್ನು ಛೂಬಿಟ್ಟು ನೋಡುವ ಕ್ರೂರ ವಿನೋದವನ್ನು 1835ರಲ್ಲಿ ಶಾಸನವು ನಿಷೇಧಿಸಿದಾಗ, ಆ ಜನ ಗೂಳಿಯನ್ನು ಬಿಟ್ಟು ನಾಯಿಗೆ ನಾಯಿಯನ್ನೇ ಎದುರು ನಿಲ್ಲಿಸಿ ಕಾದಾಡಿಸತೊಡಗಿದರು. ಬುಲ್‌ಡಾಗಿನ ದಾರ್ಢ್ಯವನ್ನೂ ಟೆರಿಯರಿನ ಚುರುಕನ್ನೂ ಒಂದೇ ದೇಹದಲ್ಲಿ ಬೆಸೆದು, ಗಾಯಕ್ಕೆ ಹೆದರದ, ಹಿಡಿದ ಹಿಡಿತವನ್ನು ಬಿಡದ ಜೀವವನ್ನು ತಲೆಮಾರುಗಳ ಕಾಲ ಆರಿಸಿ ಆರಿಸಿ ರೂಪಿಸಿದವರು ಮನುಷ್ಯರು. ಮನೆಯವರೊಡನೆ ಮಗುವಿನಂತೆ ಒಡನಾಡುವ ಪಿಟ್‌ಬುಲ್ಲುಗಳು ಎಷ್ಟೋ ಇವೆ. ಆದರೂ ದೇಹಬಲವಾಗಲಿ ಇತರ ನಾಯಿಗಳ ಮೇಲಿನ ರೋಷವಾಗಲಿ ಒಡೆಯನ ಮಮತೆಯಿಂದ ರಕ್ತದೊಳಗಿಂದ ಅಳಿಸಿಹೋಗುವಂಥವಲ್ಲ. ಮತ್ತು ಅದು ಕಚ್ಚಿದಾಗ ಆಗುವ ಗಾಯ ಬೀದಿನಾಯಿಯ ಒಂದು ಕಡಿತದಂತಿರುವುದಿಲ್ಲ. 2022ರ ಜುಲೈನಲ್ಲಿ ಲಖನೌ ನಗರದಲ್ಲಿ ನಿವೃತ್ತ ಶಿಕ್ಷಕಿಯಾಗಿದ್ದ ವೃದ್ಧೆಯೊಬ್ಬರು ಪ್ರಾಣ ಬಿಟ್ಟದ್ದು ತಮ್ಮ ಮನೆಯಲ್ಲಿಯೇ, ಮಗ ಸಾಕಿದ್ದ ಪಿಟ್‌ಬುಲ್ಲಿನಿಂದ.

ತಳಿವರ್ಧನೆಯೆಂಬುದು ಎರಡು ನಾಯಿಗಳನ್ನು ಒಂದೆಡೆ ಕಟ್ಟಿಹಾಕುವ ಕೆಲಸವಲ್ಲ. ತಾಯಿತಂದೆಗಳ ಸ್ವಭಾವವೇನು, ಅವುಗಳ ವಂಶದಲ್ಲಿ ಸೊಂಟದ ಕೀಲಿನ ದೋಷವೋ ಹೃದಯದ ದೋಷವೋ ಚರ್ಮದ ಕಜ್ಜಿಯೋ ಹರಿದುಬಂದಿದೆಯೇ ಎಂಬುದನ್ನು ಬಲ್ಲವನೇ ಅದಕ್ಕೆ ಅಧಿಕಾರಿ. ಅಮೆರಿಕನ್ ಪಿಟ್‌ಬುಲ್ ಟೆರಿಯರನ್ನು ಅಮೆರಿಕದ ಪ್ರಸಿದ್ಧ ಶ್ವಾನಸಂಸ್ಥೆಯಾದ ಎ.ಕೆ.ಸಿ.ಯಾಗಲಿ ಅಂತರರಾಷ್ಟ್ರೀಯ ಶ್ವಾನಸಂಸ್ಥೆಯಾದ ಎಫ್.ಸಿ.ಐ.ಯಾಗಲಿ ತಮ್ಮ ತಳಿಪಟ್ಟಿಯಲ್ಲಿ ಸೇರಿಸಿಕೊಂಡಿಲ್ಲವಾದುದರಿಂದ, ನಮ್ಮಲ್ಲಿ ಬಾಯಿಮಾತಿನ ಮೇಲೆ ಕೊಂಡುತಂದ ಮರಿಯ ಅಜ್ಜ ಯಾವ ನಾಯಿ, ಅದು ಕಾದಾಟದ ಕಣದಿಂದ ಬಂದುದೋ ಅಲ್ಲವೋ ಎಂಬುದನ್ನು ಅರಿಯುವ ಉಪಾಯವೇ ಸಾಮಾನ್ಯವಾಗಿ ಇರುವುದಿಲ್ಲ. ಇನ್ನು 2017ರ ಕೇಂದ್ರ ನಿಯಮಗಳು, ಮಾರಾಟಕ್ಕಾಗಿ ಮರಿ ಹಾಕಿಸುವವರು ರಾಜ್ಯದ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದೂ, ಹೆಣ್ಣಿಗೆ 18 ತಿಂಗಳು ತುಂಬದೆ ಕೂಡಿಸಬಾರದೆಂದೂ, ಅದರ ಆಯುಷ್ಯದಲ್ಲಿ ಐದು ಸಲಕ್ಕಿಂತ ಹೆಚ್ಚು ಮರಿ ಹಾಕಿಸಬಾರದೆಂದೂ, ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದೂ ವಿಧಿಸಿವೆ. ಹಿತ್ತಿಲಲ್ಲಿ ನಾಯಿಯನ್ನು ಕಟ್ಟಿಕೊಂಡು ಮರಿ ಮಾರುವ ಗೃಹಸ್ಥರಲ್ಲಿ ಈ ನಿಯಮಗಳ ಹೆಸರನ್ನಾದರೂ ಕೇಳಿದವರು ವಿರಳ.

ನಮ್ಮ ನೆಲದ ಬಾಳ್ವೆಯ ರೀತಿಯನ್ನಾದರೂ ನೋಡಬೇಕು. ನಗರದ ಬಂಗಲೆಗೆ ಎತ್ತರದ ಪಾಗಾರವೂ ಕಬ್ಬಿಣದ ಗೇಟೂ ಇರುತ್ತವೆ. ಇಲ್ಲಿಯ ಕೇರಿಗಳಲ್ಲಿ ಒಬ್ಬರ ಅಂಗಳವೇ ಇನ್ನೊಬ್ಬರ ಕಾಲುದಾರಿ. ಹಳದೀಪುರದಿಂದ ಮಿರ್ಜಾನದವರೆಗೆ ಎಲ್ಲಿ ಹೋದರೂ ಬೇಲಿಯ ದಣಪೆಯನ್ನು ದಾಟಿ, ತೆಂಗಿನ ತೋಟದ ನಡುವೆ ಹಾದು, ಶಾಲೆಗೆ ಹೋಗುವ ಮಕ್ಕಳನ್ನೂ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಯ ಮುಂದೆ ನಿಂತು ಕೂಗುವ ಹೆಂಗಸರನ್ನೂ, ಅಂಚೆಯವನನ್ನೂ, ಕೊನೆ ಕೊಯ್ಯಲು ಬರುವ ಆಳುಗಳನ್ನೂ, ಹಗ್ಗವಿಲ್ಲದೆ ಮೇಯುವ ದನಗಳನ್ನೂ, ಯಾರ ಮನೆಯದೂ ಅಲ್ಲದೆ ಎಲ್ಲರ ಮನೆಯದೂ ಆಗಿರುವ ಊರನಾಯಿಗಳನ್ನೂ ಕಾಣಬಹುದು. ಇಂತಹ ತೆರೆದ ಬದುಕಿನ ನಡುವೆ ಕಾದಾಟಕ್ಕಾಗಿ ರೂಪುಗೊಂಡ ಪ್ರಾಣಿಯನ್ನು ಇಡುವವನು ಒಂದೋ ಅದನ್ನು ದಿನವಿಡೀ ಸರಪಳಿಯಲ್ಲಿ ಬಿಗಿದು ಅದರ ಮನಸ್ಸನ್ನು ಕೆಡಿಸಬೇಕು, ಇಲ್ಲವೇ ದಾರಿಹೋಕರನ್ನು ಅಪಾಯಕ್ಕೆ ಒಡ್ಡಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಲ್ಲಿ ಅದನ್ನು ಹೊರಗೆ ಅಡ್ಡಾಡಿಸುವುದೂ ಕಷ್ಟ, ತೇವದಿಂದ ಅದರ ಚರ್ಮವನ್ನು ಕಾಯುವುದೂ ಕಷ್ಟ. ದೊಡ್ಡ ಕಾಯಿಲೆ ಬಂದರೆ ಘಟ್ಟ ಹತ್ತಿ ಶಿವಮೊಗ್ಗದ ಪಶುವೈದ್ಯ ಕಾಲೇಜಿನವರೆಗೆ ಒಯ್ಯಬೇಕು. ಒಂದು ನಾಯಿಗಾಗಿ ಇಷ್ಟೆಲ್ಲವನ್ನು ಮಾಡುವ ಸಾಹಸಿಗಳು ಇದ್ದಾರು. ಆದರೆ ‘ಕ್ರಾಸ್’ ಮಾಡಿಸಿ ಅರುವತ್ತು ದಿನ ಕಳೆದು ಮೂರ್ನಾಲ್ಕು ದಿನಗಳಲ್ಲಿ ಆ ಒಂದು ನಾಯಿಯ ಪಕ್ಕದಲ್ಲಿ ಆರೋ ಎಂಟೋ ಮರಿಗಳು ಬಂದು ಮಲಗಿದಾಗ, ಅಷ್ಟೇ ಶ್ರದ್ಧೆಯ ಆರೋ ಎಂಟೋ ಮನೆಗಳನ್ನು ಅವರು ಈ ಮೂರು ತಾಲೂಕುಗಳಲ್ಲಿ ಎಲ್ಲಿಂದ ತಂದಾರು?

ಅನರ್ಥದ ಬೇರು ಇರುವುದು ಇಲ್ಲಿಯೇ. ತನ್ನ ನಾಯಿಗೆ ತಾನು ಉತ್ತರವಾದಿಯಾಗಬಲ್ಲ ಮನುಷ್ಯನು ಅದರ ಮರಿಗಳಿಗೆ ಉತ್ತರವಾದಿಯಾಗಲಾರನು. ಮರಿಯು ಬಲಿತು ಯಾರನ್ನಾದರೂ ಕಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ ಆರು ತಿಂಗಳವರೆಗಿನ ಸೆರೆಗೋ ಐದು ಸಾವಿರ ರೂಪಾಯಿಯವರೆಗಿನ ದಂಡಕ್ಕೋ ಅಥವಾ ಎರಡಕ್ಕೂ ಗುರಿಯಾಗುವವನು ಅದನ್ನು ಆಗ ಇಟ್ಟುಕೊಂಡಿರುವಾತನು. ಮರಿ ಹಾಕಿಸಿ ಹಣ ಎಣಿಸಿಕೊಂಡವನ ಹೆಸರು ಆ ಕಡತದಲ್ಲಿ ಬರುವುದೇ ಇಲ್ಲ. ಸಾಕಲಾರದೆ ಬೇಸತ್ತವನು ರಾತ್ರಿ ಹೆದ್ದಾರಿಯ ಬದಿಯಲ್ಲಿ ಇಳಿಸಿಹೋದ ನಾಯಿಯ ಪಾಡಂತೂ ಇನ್ನೂ ದಾರುಣವಾದುದು.

“ಹೆಣ್ಣುಜೀವವಲ್ಲವೇ, ಒಮ್ಮೆಯಾದರೂ ಮರಿ ಹಾಕಲಿ, ಅದರ ಆರೋಗ್ಯಕ್ಕೂ ಒಳ್ಳೆಯದು” ಎಂದು ಕನಿಕರದಿಂದ ಹೇಳುವವರಿದ್ದಾರೆ. ಕನಿಕರವು ನಿಜವಾದುದು, ನಂಬಿಕೆ ನಿಜವಲ್ಲ. ಮರಿ ಹಾಕುವುದರಿಂದ ನಾಯಿಗೆ ಆರೋಗ್ಯ ಹೆಚ್ಚುವುದೆಂದು ಪಶುವೈದ್ಯಶಾಸ್ತ್ರ ಹೇಳುವುದಿಲ್ಲ. ತಕ್ಕ ವಯಸ್ಸಿನಲ್ಲಿ ಶಸ್ತ್ರಕ್ರಿಯೆ ಮಾಡಿಸಿದ ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗದ ಭಯ ತಪ್ಪುತ್ತದೆ, ಮೊಲೆಯ ಗಂತಿಗಳ ಸಂಭವವೂ ಕಡಿಮೆಯಾಗುತ್ತದೆ. ಕಾವಲಿಗೆ ನಾಯಿ ಬೇಕೆನ್ನುವವರಿಗಾದರೋ, ಈ ಮಳೆಯಲ್ಲಿಯೇ ಹುಟ್ಟಿ ಈ ಮಳೆಯನ್ನು ತಾಳಿಕೊಂಡು ಬೆಳೆದ ನಾಡನಾಯಿಯ ಮರಿಗಳು ಪ್ರತಿಯೊಂದು ಕೇರಿಯಲ್ಲಿಯೂ ಅನ್ನಕ್ಕಾಗಿ ಕಾದುಕೊಂಡಿವೆ.

ಆದುದರಿಂದ ಈ ಮೂರು ತಾಲೂಕುಗಳಲ್ಲಿ ಪಿಟ್‌ಬುಲ್ಲನ್ನು ಸಾಕಿರುವ ಪ್ರತಿಯೊಬ್ಬರಲ್ಲಿಯೂ ನನ್ನ ಬಿನ್ನಹವಿಷ್ಟೆ: ಮುಂದಿನ ಬೆದೆ ಬರುವುದಕ್ಕೆ ಮೊದಲೇ ಪಶುವೈದ್ಯರನ್ನು ಕಂಡು, ನಿಮ್ಮ ನಾಯಿ ಹೆಣ್ಣಾಗಲಿ ಗಂಡಾಗಲಿ, ಅದಕ್ಕೆ ಸಂತಾನಹರಣದ ಶಸ್ತ್ರಕ್ರಿಯೆಯನ್ನು ಮಾಡಿಸಿರಿ; ಹುಚ್ಚುನಾಯಿ ರೋಗದ ಲಸಿಕೆಯನ್ನು ವರ್ಷವರ್ಷವೂ ತಪ್ಪದೆ ಹಾಕಿಸಿರಿ; ‘ನಿಮ್ಮದನ್ನು ಕ್ರಾಸ್‌ಗೆ ಕೊಡುವಿರಾ’ ಎಂದು ಕೇಳಿಕೊಂಡು ಬಂದವರನ್ನು, ಅವರು ಎಷ್ಟೇ ಆಪ್ತರಾಗಿರಲಿ, ಇಲ್ಲವೆಂದು ಹೇಳಿ ಹಿಂದಕ್ಕೆ ಕಳುಹಿಸಿರಿ.