ಖುಲಾಸೆಯಾದದ್ದೆಲ್ಲ ಸುಳ್ಳು ದೂರಲ್ಲ

ವರದಕ್ಷಿಣೆ ಕಿರುಕುಳದ ದೂರುಗಳಲ್ಲಿ ಹೆಚ್ಚಿನವು ಸುಳ್ಳು, ಶಿಕ್ಷೆಯ ಪ್ರಮಾಣ ಕಡಿಮೆ ಇರುವುದೇ ಅದಕ್ಕೆ ಪುರಾವೆ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಈ ತರ್ಕ ನಿಲ್ಲುವುದಿಲ್ಲ. ಖುಲಾಸೆ ಎಂದರೆ ಆರೋಪ ಸಂಶಯಾತೀತವಾಗಿ ಸಾಬೀತಾಗಲಿಲ್ಲ ಎಂದಷ್ಟೇ ಅರ್ಥ. ನಾಲ್ಕು ಗೋಡೆಗಳೊಳಗೆ ಬಿದ್ದ ಏಟಿಗೆ ಸಾಕ್ಷಿ ನುಡಿಯಬೇಕಾದವರು ಅದೇ ಮನೆಯ ಅತ್ತೆ, ಮಾವ, ನಾದಿನಿ. ವರ್ಷಗಟ್ಟಲೆ ಕೋರ್ಟಿಗೆ ಅಲೆದು ದಣಿದವಳಿಗೆ ತವರಿನವರೇ "ಮಕ್ಕಳ ಮುಖ ನೋಡಿ ರಾಜಿಯಾಗು" ಅನ್ನುತ್ತಾರೆ. ಅವಳು ಹೇಳಿಕೆ ಬದಲಿಸುತ್ತಾಳೆ. ಅವಳನ್ನೂ ಸುಳ್ಳುಗಾರ್ತಿಯರ ಪಟ್ಟಿಗೆ ಸೇರಿಸುವುದು ಕ್ರೌರ್ಯ.

ಎಣಿಸುವುದಾದರೆ ದೂರೇ ಕೊಡದವರನ್ನೂ ಎಣಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಹೌದು, ನಮ್ಮದೇ ರಾಜ್ಯದಲ್ಲಿ. ದೇಶದಾದ್ಯಂತ, ಹಿಂಸೆಗೆ ಒಳಗಾದವರಲ್ಲಿ ನೆರವು ಕೇಳಿದವರು ಶೇ 14 ಮಾತ್ರ.

ದೂರು ಬಂದೊಡನೆ ಬಂಧನ ಎಂಬ ಭೀತಿಗೂ ಆಧಾರವಿಲ್ಲ. 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಯಾಂತ್ರಿಕ ಬಂಧನ ಕೂಡದೆಂದು ಹೇಳಿದೆ. ಈ ಕಿರುಕುಳವನ್ನು ಅಪರಾಧವೆನ್ನುವ ಭಾರತೀಯ ದಂಡ ಸಂಹಿತೆಯ 498ಎ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ಅದನ್ನು ಸಡಿಲಿಸಿ ಎನ್ನುವ ಲೇಖಕರು, ಠಾಣೆಯ ಮೆಟ್ಟಿಲನ್ನೇ ಹತ್ತದ ಹೆಣ್ಣುಮಕ್ಕಳ ರಕ್ಷಣೆ ಹೇಗೆಂದು ಮೊದಲು ಬರೆಯಲಿ.