ವಾರ್ಡಿನ ಬೀಗ ಬಯಕೆಗೂ ಬೇಕೇ?

ಪಂಜಾಬ್‌ನ ಕೆಲವು ಜೈಲುಗಳಲ್ಲಿ 2022ರಿಂದ ಸನ್ನಡತೆಯ ಕೈದಿಗಳು ತಮ್ಮ ಪತಿ ಅಥವಾ ಪತ್ನಿಯ ಜೊತೆ ಖಾಸಗಿ ಕೊಠಡಿಯಲ್ಲಿ ಸಮಯ ಕಳೆಯಬಹುದು. ಶಿಕ್ಷೆ ಅನುಭವಿಸುತ್ತಿರುವವರಿಗೂ ಸಾಂಗತ್ಯ ಬೇಕು ಎಂದು ಒಂದು ಸರ್ಕಾರ ಒಪ್ಪಿಕೊಂಡಿತು. ಹಾಗಾದರೆ ಮಾನಸಿಕ ಆಸ್ಪತ್ರೆಗಳ ಬೀಗ ಹಾಕಿದ ವಾರ್ಡುಗಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇರುವವರ ಗತಿ ಏನು? ಅವರಲ್ಲಿ ಹೆಚ್ಚಿನವರು ಯಾವ ಅಪರಾಧವನ್ನೂ ಮಾಡಿದವರಲ್ಲ.

ನಾನು ಓದುತ್ತಿರುವುದು ಬಿ.ಇ., ವೈದ್ಯಕೀಯವಲ್ಲ. ಆದರೆ ಖಿನ್ನತೆ, ಆತಂಕಗಳ ಬಗ್ಗೆ ಕಾಲೇಜುಗಳಲ್ಲಿ ಮುಕ್ತವಾಗಿ ಮಾತನಾಡುವ ನಮ್ಮ ತಲೆಮಾರು ಕೂಡ ಈ ಪ್ರಶ್ನೆ ಬಂದರೆ ನಕ್ಕು ಸುಮ್ಮನಾಗುತ್ತದೆ. ಸ್ಕಿಜೋಫ್ರೇನಿಯಾ ಇರುವವರಿಗೆ ಪ್ರೀತಿ, ಮದುವೆ, ಕಾಮ ಇರುತ್ತದೆ ಎಂಬುದೇ ನಮಗೆ ಜೋಕು.

2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ‘ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ–2017’ ರೋಗಿಗೆ ಖಾಸಗಿತನದ ಹಕ್ಕು ಕೊಟ್ಟಿದೆ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಭೇಟಿಗೆ ಬಂದವರನ್ನು ಕಾಣಬಹುದು, ಫೋನ್ ಮಾಡಬಹುದು. ಲೈಂಗಿಕ ದೌರ್ಜನ್ಯದಿಂದ ರಕ್ಷಣೆ ಇದೆ. ಆದರೆ ಇಬ್ಬರು ವಯಸ್ಕ ರೋಗಿಗಳು ಇಷ್ಟಪಟ್ಟು ಹತ್ತಿರವಾದರೆ? ದೂರದ ಊರಿಂದ ಬಂದ ಹೆಂಡತಿ ಗಂಡನ ಜೊತೆ ಸ್ವಲ್ಪ ಹೊತ್ತು ಏಕಾಂತದಲ್ಲಿ ಕೂರಬೇಕೆಂದರೆ? ಕಾಯ್ದೆ ಮೌನವಾಗಿದೆ.

ಈ ಮೌನಕ್ಕೆ ಬೆಲೆ ತೆರುವವರು ರೋಗಿಗಳು. ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳು, ಉದಾಹರಣೆಗೆ ರಿಸ್ಪೆರಿಡೋನ್, ದೇಹದಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಹೆಚ್ಚಿಸುತ್ತವೆ. ಇದರಿಂದ ಲೈಂಗಿಕ ಆಸಕ್ತಿ ಕುಗ್ಗಬಹುದು, ಮುಟ್ಟು ಏರುಪೇರಾಗಬಹುದು. ವೈದ್ಯರು ಕೇಳುವುದಿಲ್ಲ, ನಾಚಿಕೆಯಿಂದ ರೋಗಿ ಹೇಳುವುದಿಲ್ಲ. ಕೊನೆಗೆ ಮಾತ್ರೆಯನ್ನೇ ಗುಟ್ಟಾಗಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ, ಮತ್ತೆ ಅದೇ ವಾರ್ಡು. ಒಂದು ಪ್ರಶ್ನೆ ಕೇಳಿದ್ದರೆ ಮಾತ್ರೆಯನ್ನೋ ಪ್ರಮಾಣವನ್ನೋ ಬದಲಿಸಬಹುದಿತ್ತು.

‘ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅವರಿರುತ್ತಾರೆಯೇ? ದುರ್ಬಳಕೆಯಾದರೆ?’ ಎಂಬ ಆತಂಕ ಖಂಡಿತ ಸರಿ. ಸಿಬ್ಬಂದಿ ತಮ್ಮ ಅಧಿಕಾರ ಬಳಸಿ ರೋಗಿಯನ್ನು ಲೈಂಗಿಕವಾಗಿ ಬಳಸಿಕೊಳ್ಳುವುದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೋರೋಗ ಇದೆ ಎಂದ ಮಾತ್ರಕ್ಕೆ ವ್ಯಕ್ತಿಯನ್ನು ಬುದ್ಧಿ ಸ್ವಾಧೀನದಲ್ಲಿಲ್ಲದವರೆಂದು ತಿಳಿಯಬಾರದು ಎಂದು ಇದೇ ಕಾಯ್ದೆ ಹೇಳುತ್ತದೆ. ಜ್ವರದಂತೆ ಕಾಯಿಲೆಯೂ ಏರಿಳಿಯುತ್ತದೆ. ಈ ವಾರ ನಿರ್ಧರಿಸಲಾಗದವರು ಮುಂದಿನ ತಿಂಗಳು ನಿರ್ಧರಿಸಬಲ್ಲರು.

ನಿಷೇಧವೊಂದೇ ರಕ್ಷಣೆಯಲ್ಲ ಎಂಬುದಕ್ಕೆ 2009ರ ಚಂಡೀಗಢ ಪ್ರಕರಣ ನೋಡಿ. ಅಲ್ಲಿ ಇದ್ದದ್ದು ಮನೋರೋಗವಲ್ಲ, ಬೌದ್ಧಿಕ ನ್ಯೂನತೆ. ಆದರೂ ಪಾಠ ಒಂದೇ. ಸರ್ಕಾರಿ ಆಶ್ರಯದಲ್ಲಿದ್ದ ಯುವತಿಯೊಬ್ಬರು ಅಲ್ಲೇ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದರು. ಹೈಕೋರ್ಟ್ ಗರ್ಭಪಾತಕ್ಕೆ ಆದೇಶಿಸಿತು. ಮಗು ಬೇಕೆಂಬ ಆಕೆಯ ಇಚ್ಛೆಯನ್ನು ಸುಪ್ರೀಂ ಕೋರ್ಟ್ ಗೌರವಿಸಿತು. ಗೋಡೆ ಆಕೆಯನ್ನು ಕಾಯಲಿಲ್ಲ, ಆಕೆಯ ಮಾತು ಕೇಳಿದಾಗಲೇ ನ್ಯಾಯ ಸಿಕ್ಕಿತು.

ಹಾಗಂತ ನಾಳೆಯೇ ವಾರ್ಡಿನ ಬಾಗಿಲು ತೆರೆಯಿರಿ ಎನ್ನುತ್ತಿಲ್ಲ. ಪ್ರತಿ ಆಸ್ಪತ್ರೆಗೂ ಲಿಖಿತ ನಿಯಮ ಇರಲಿ. ಸಂಗಾತಿಯ ಭೇಟಿಗೆ ಪರದೆ ಇರುವ ಒಂದು ಕೋಣೆ, ಒಪ್ಪಿಗೆ ಮತ್ತು ಗರ್ಭನಿರೋಧಕದ ಬಗ್ಗೆ ಆಪ್ತ ಸಮಾಲೋಚನೆ, ದೂರು ಕೊಡಲು ಹೆದರಬೇಕಿಲ್ಲದ ವ್ಯವಸ್ಥೆ ಇರಲಿ. ಪಿಸುಮಾತಿನಲ್ಲಿ ನಡೆಯುವುದನ್ನು ಯಾರೂ ಕಾಯಲಾರರು. ಬೆಳಕಿಗೆ ತಂದರೆ ಹಕ್ಕು, ರಕ್ಷಣೆ ಎರಡೂ ಸಾಧ್ಯ.

ನಾಳೆ ಅಂಥ ವಾರ್ಡಿನಲ್ಲಿ ನಮ್ಮ ಗೆಳೆಯನೋ ಅಕ್ಕನೋ ಇರಬಹುದು. ಆಗ ಅವರನ್ನು ಬರೀ ಕೇಸ್ ಶೀಟಾಗಿ ನೋಡಬೇಕೇ, ಇಡೀ ಮನುಷ್ಯರಾಗಿಯೇ? ಈಗಲೇ ಯೋಚಿಸೋಣ.